ಅಂಚೆಯ ಠಸ್ಸೆಯೂ ಒಂದು ಶಾಸನ

ಕೆಲವು ವರ್ಷಗಳ ಹಿಂದೆ ಐಹೊಳೆಯ ಮೇಗುತಿ ಗುಡಿಯ ಶಾಸನವನ್ನು ಮತ್ತೊಮ್ಮೆ ನೋಡಿಕೊಂಡು ಬರಲು ಹೊರಟಿದ್ದಾಗ ಇಳಕಲ್ಲಿನಲ್ಲಿ ಒಂದು ದಿನ ತಂಗಬೇಕಾಯಿತು. ಅಲ್ಲಿಯ ಹಳೆಯ ಸೀರೆ ವ್ಯಾಪಾರಸ್ಥರ ಮನೆಯೊಂದರಲ್ಲಿ 'ಹಳೆಯ ಕಾಗದಪತ್ರ' ಇವೆಯೆಂದು ಮಿತ್ರರೊಬ್ಬರು ಹೇಳಿದ್ದರು. ಓಲೆಗರಿಯೋ ಕಡತವೋ ಸಿಕ್ಕೀತೆಂಬ ಆಸೆಯಿಂದ ಹೋದೆ. ಮನೆಯ ಹಿರಿಯರು ಅಟ್ಟದಿಂದ ಒಂದು ತಗಡಿನ ಟ್ರಂಕನ್ನು ಇಳಿಸಿದರು. ಅದರಲ್ಲಿ ಓಲೆಗರಿ ಇರಲಿಲ್ಲ. ರೋಜಕೀರ್ದಿ, ಖಾತೆವಹಿಗಳ ಕೆಳಗೆ ನೂಲಿನಿಂದ ಕಟ್ಟಿದ ಲಕೋಟೆಗಳ ಕಟ್ಟುಗಳಿದ್ದವು. ಮೂರು ತಲೆಮಾರಿನ ವ್ಯಾಪಾರದ, ನೆಂಟಸ್ತಿಕೆಯ, ಸಾವುನೋವುಗಳ ಪತ್ರಗಳು ಅವು. ಒಂದು ಕಟ್ಟನ್ನು ಬಿಚ್ಚಿದೆ. ಪ್ರತಿಯೊಂದು ಲಕೋಟೆಯ ಬಲಗಡೆಯ ಮೇಲ್ತುದಿಯಲ್ಲಿ ಒಂದು ಚೌಕಾಕಾರದ ಕಿಂಡಿ. ಮೊಮ್ಮಗ ಶಾಲೆಯಲ್ಲಿದ್ದಾಗ ಅಂಚೆಚೀಟಿಗಳನ್ನು ಸಂಗ್ರಹಿಸುವ ಹುಮ್ಮಸ್ಸಿನಲ್ಲಿ ಕತ್ತರಿಯಿಂದ ಅವನ್ನೆಲ್ಲ ಕತ್ತರಿಸಿಕೊಂಡಿದ್ದನಂತೆ.

ಹಿರಿಯರಿಗೆ ಅದರ ಬಗೆಗೆ ಬೇಸರವೇನೂ ಇರಲಿಲ್ಲ. ಅವರ ಕುತೂಹಲ ಬೇರೆಯಾಗಿತ್ತು. "ಸರ, ಹಳೇ ತಿಕೀಟು ಲಿಲಾವಿನ್ಯಾಗ ಕೋಟಿಗಟ್ಟಲೆ ಹೋಗ್ತಾವಂತ, ಖರೇ ಏನ್ರಿ? ನಮ್ಮ ಹುಡುಗನ ಕಡೆ ಇರೋವಕ್ಕ ಎಷ್ಟು ಬರಬಹುದ್ರಿ?" ಎಂದು ಕೇಳಿದರು. ಆಗ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಆ ಪ್ರಶ್ನೆಗೆ ಸರಿಯಾದ ಉತ್ತರವನ್ನು ಹುಡುಕುವ ಯತ್ನ ಈ ಬರಹ.

ಅವರು ಕೇಳಿದ್ದು ಸುಳ್ಳಲ್ಲ. ಜಗತ್ತಿನ ಅತ್ಯಂತ ಬೆಲೆಬಾಳುವ ಅಂಚೆಚೀಟಿಯೆಂದು ಹೆಸರಾದದ್ದು ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾ ವಸಾಹತು 1856ರಲ್ಲಿ ಹೊರಡಿಸಿದ ಒಂದು ಸೆಂಟಿನ ಚೀಟಿ. ಇಂಗ್ಲೆಂಡಿನಿಂದ ಬರಬೇಕಾದ ಚೀಟಿಗಳ ಹಡಗು ತಡವಾದ್ದರಿಂದ ಸ್ಥಳೀಯ ಪತ್ರಿಕೆಯ ಮುದ್ರಣಾಲಯದಲ್ಲಿ ಅವಸರದಿಂದ ಅಚ್ಚು ಹಾಕಿಸಿದ ಸಾಮಾನ್ಯ ಕೆಂಪು ಕಾಗದದ ತುಂಡು ಅದು. 1873ರಲ್ಲಿ ಹನ್ನೆರಡು ವರ್ಷದ ಬಾಲಕನೊಬ್ಬ ಅದನ್ನು ಮನೆಯ ಹಳೆಯ ಕಾಗದಗಳಲ್ಲಿ ಕಂಡು, ಆರು ಶಿಲಿಂಗಿಗೆ ಮಾರಿಬಿಟ್ಟ. ಅದೇ ಚೀಟಿ 2014ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 95 ಲಕ್ಷ ಡಾಲರಿಗೆ ಮಾರಾಟವಾಯಿತು. ಇಲ್ಲಿಯವರೆಗಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಮುಂದಿನದನ್ನು ಹೇಳುವವರು ಕಡಿಮೆ: 2021ರಲ್ಲಿ ಅದು ಮತ್ತೆ ಹರಾಜಿಗೆ ಬಂದಾಗ ಸಿಕ್ಕ ಬೆಲೆ ಸುಮಾರು 83 ಲಕ್ಷ ಡಾಲರು. ಏಳು ವರ್ಷ ಕಾದ ಒಡೆಯನಿಗೆ ಲಾಭವಿರಲಿ, ಅಸಲೂ ಹುಟ್ಟಲಿಲ್ಲ.

ನಮ್ಮ ದೇಶದ ಉದಾಹರಣೆಯೂ ಇದೆ. ಸ್ವಾತಂತ್ರ್ಯದ ಮೊದಲ ವಾರ್ಷಿಕೋತ್ಸವದ ದಿನ, 1948ರ ಆಗಸ್ಟ್ 15ರಂದು, ಗಾಂಧೀಜಿಯವರ ನೆನಪಿಗೆ ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ ಮತ್ತು ಹತ್ತು ರೂಪಾಯಿಗಳ ನಾಲ್ಕು ಚೀಟಿಗಳು ಹೊರಬಂದವು. ಖಾದಿಯ ನೂಲು ತೆಗೆದವರ ಚಿತ್ರವನ್ನು ಅಚ್ಚು ಹಾಕಿದ್ದು ಸ್ವಿಟ್ಜರ್ಲೆಂಡಿನ ಮುದ್ರಣಾಲಯದಲ್ಲಿ. ಅವುಗಳಲ್ಲಿ ಕೇವಲ ನೂರು ಜೊತೆಗಳ ಮೇಲೆ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರ ಕಚೇರಿಯ ಬಳಕೆಗಾಗಿ 'ಸರ್ವಿಸ್' ಎಂಬ ಪದವನ್ನು ಮೇಲಚ್ಚು ಮಾಡಲಾಯಿತು. ಆ ಹತ್ತು ರೂಪಾಯಿಯ ಚೀಟಿಗಳ, ಒಂದಕ್ಕೊಂದು ಅಂಟಿಕೊಂಡ ನಾಲ್ಕರ ಪಟ್ಟಿಯೊಂದು 2017ರಲ್ಲಿ ಲಂಡನ್ನಿನ ವ್ಯಾಪಾರಿ ಸಂಸ್ಥೆಯೊಂದರ ಮೂಲಕ 5 ಲಕ್ಷ ಪೌಂಡಿಗೆ ಮಾರಾಟವಾಯಿತು. ಮೇಲಚ್ಚಿಲ್ಲದ ಅದೇ ಚೀಟಿಗೂ ಇದಕ್ಕೂ ಇರುವ ವ್ಯತ್ಯಾಸ ಇಂಗ್ಲಿಷಿನ ಏಳು ಅಕ್ಷರಗಳು ಮಾತ್ರ. ಆ ಏಳು ಅಕ್ಷರಗಳನ್ನು ಕಳ್ಳಮುದ್ರೆ ಹಾಕುವವರು ಇದ್ದಾರೆಂಬುದನ್ನೂ, ತಜ್ಞರ ಪ್ರಮಾಣಪತ್ರವಿಲ್ಲದೆ ಇಂಥವನ್ನು ಯಾರೂ ಕೊಳ್ಳುವುದಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು.

ಹರಾಜಿನ ಬೆಲೆಯನ್ನು ನಿರ್ಣಯಿಸುವುದು ಪ್ರಾಚೀನತೆಯಲ್ಲ, ಸೌಂದರ್ಯವಲ್ಲ, ಬರಿಯ ತಪ್ಪೂ ಅಲ್ಲ. ತಪ್ಪಿಗೆ ಬೆಲೆ ಬರುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. 1854ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾದ ನಾಲ್ಕಾಣೆಯ ಚೀಟಿಗೆ ಎರಡು ಬಣ್ಣ. ಕೆಂಪು ಚೌಕಟ್ಟನ್ನೂ ನೀಲಿಯ ರಾಣಿಯ ತಲೆಯನ್ನೂ ಬೇರೆಬೇರೆಯಾಗಿ ಅಚ್ಚು ಹಾಕಬೇಕಾಗಿತ್ತು. ಹಾಳೆ ತಿರುಗುಮುರುಗಾಗಿ ಕೆಲವು ಚೀಟಿಗಳಲ್ಲಿ ರಾಣಿಯ ತಲೆ ಬುಡಮೇಲಾಯಿತು. ಉಳಿದವು ತೀರ ಕೆಲವು. ಆದ್ದರಿಂದ ಅವು ಅಪಾರ ಬೆಲೆಯವು. 1949ರಲ್ಲಿ ಒಂದಾಣೆಯ ಚೀಟಿಯ ಮೇಲೆ ಬೋಧಿಸತ್ತ್ವನ ಶಿಲ್ಪ ಎಡಬಲ ಅದಲುಬದಲಾಗಿ ಅಚ್ಚಾಯಿತು. ಮರುವರ್ಷ ಸರಕಾರ ಅದನ್ನು ತಿದ್ದಿ ಬೇರೆ ಚೀಟಿಯನ್ನು ಹೊರಡಿಸಿತು. ಇದೂ ತಪ್ಪೇ. ಆದರೆ ಲಕ್ಷಗಟ್ಟಲೆ ಅಚ್ಚಾದ ತಪ್ಪು; ಹೀಗಾಗಿ ಅದು ಶಾಲಾ ಬಾಲಕನ ಪುಸ್ತಕದಲ್ಲಿಯೂ ಸಿಕ್ಕೀತು. ಹರಾಜಿನ ಕಟ್ಟೆ ಕೇಳುವ ಪ್ರಶ್ನೆ ಒಂದೇ: ಇಂಥವು ಜಗತ್ತಿನಲ್ಲಿ ಎಷ್ಟಿವೆ, ಬಯಸುವವರು ಎಷ್ಟು ಮಂದಿ?

ಆ ಪ್ರಶ್ನೆಯ ಮುಂದೆ ಇಳಕಲ್ಲಿನ ಹುಡುಗನ ಸಂಗ್ರಹಕ್ಕೆ ಉತ್ತರವಿರಲಿಲ್ಲ. ಆರನೆಯ ಜಾರ್ಜನ ಚೀಟಿಗಳು, 1949ರ ಪುರಾತತ್ತ್ವ ಮಾಲಿಕೆಯ ಕಡಿಮೆ ಬೆಲೆಯ ಚೀಟಿಗಳು ದೇಶದ ಪ್ರತಿಯೊಂದು ಊರಿನ ಟ್ರಂಕಿನಲ್ಲಿಯೂ ಇವೆ. ಅವನ್ನು ಹೂಡಿಕೆಯೆಂದು ನಂಬುವವರಿಗೆ 2006ರಲ್ಲಿ ಸ್ಪೇನಿನಲ್ಲಿ ನಡೆದದ್ದನ್ನು ತಿಳಿಸಬೇಕು. ಅಂಚೆಚೀಟಿಗಳ ಮೇಲೆ ಹಣ ಹೂಡಿದರೆ ನಿಶ್ಚಿತ ಲಾಭವೆಂದು ಆಸೆ ತೋರಿಸಿದ್ದ ಎರಡು ದೊಡ್ಡ ಕಂಪನಿಗಳು ಅಲ್ಲಿ ಕುಸಿದು, ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಉಳಿತಾಯ ಮುಳುಗಿತು.

ನಾನು ವಾದಿಸುವುದು ಇಷ್ಟು. ಆ ಟ್ರಂಕಿನಲ್ಲಿ ಬೆಲೆಬಾಳುವ ವಸ್ತು ಇದ್ದದ್ದು ನಿಜ. ಅದು ಚೀಟಿಯಾಗಿರಲಿಲ್ಲ, ಚೀಟಿ, ಅದರ ಮೇಲೆ ಬಿದ್ದ ಠಸ್ಸೆ, ವಿಳಾಸ, ಒಳಗಿನ ಒಕ್ಕಣೆ ಇವೆಲ್ಲ ಒಂದಾಗಿ ಕೂಡಿದ್ದ ಲಕೋಟೆಯಾಗಿತ್ತು. ಕತ್ತರಿ ಆ ಒಂದನ್ನು ಎರಡು ಮಾಡಿತು, ಎರಡನ್ನೂ ಬಡವಾಗಿಸಿತು.

ಶಾಸನಗಳ ಅಭ್ಯಾಸ ಮಾಡಿದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಬಾದಾಮಿಯ ಬೆಟ್ಟವನ್ನು ಹತ್ತಿದವರು ಮೂರನೆಯ ಗುಹಾಲಯದಲ್ಲಿ ಮಂಗಲೇಶನ ಶಾಸನವನ್ನು ನೋಡಿರುತ್ತಾರೆ. ಶಕವರ್ಷ 500, ಕಾರ್ತಿಕ ಪೌರ್ಣಮಿ, ಅಂದರೆ ಕ್ರಿ.ಶ. 578 ಎಂದು ಅದು ತನ್ನ ಕಾಲವನ್ನು ತಾನೇ ಹೇಳುತ್ತದೆ. ಅಲ್ಲಿಂದ ಇನ್ನಷ್ಟು ಮೆಟ್ಟಿಲು ಹತ್ತಿದರೆ ಪಾರ್ಶ್ವನಾಥ, ಬಾಹುಬಲಿಯರ ಶಿಲ್ಪಗಳಿರುವ ನಾಲ್ಕನೆಯ ಗುಹೆ, ಜೈನ ಬಸದಿ. ಅದನ್ನು ಕೊರೆಯಿಸಿದ ವರ್ಷವನ್ನು ಹೇಳುವ ಶಾಸನ ಅಲ್ಲಿಲ್ಲ. ಆದ್ದರಿಂದ ಅದರ ಕಾಲದ ಬಗೆಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಶಿಲ್ಪಸೌಂದರ್ಯದಲ್ಲಿ ಅದು ಕಡಿಮೆಯದಲ್ಲ. ಆದರೆ ಒಂದು ಸಾಲಿನ ಕಾಲನಿರ್ದೇಶ ಇಲ್ಲದ್ದರಿಂದ ಇತಿಹಾಸಕಾರನು ಅದರ ಮುಂದೆ ಊಹೆಯ ಭಾಷೆಯನ್ನೇ ಆಡಬೇಕಾಗಿದೆ.

ಐಹೊಳೆಯ ರವಿಕೀರ್ತಿಯ ಶಾಸನದ ಮಹತ್ತ್ವವೂ ಇದೇ ಬಗೆಯದು. ಇಮ್ಮಡಿ ಪುಲಕೇಶಿಯ ಆಶ್ರಯದಲ್ಲಿದ್ದ ಈ ಜೈನ ಕವಿ ತಾನು ಕಟ್ಟಿಸಿದ ಜಿನಾಲಯದ ಗೋಡೆಯ ಮೇಲೆ ಪ್ರಶಸ್ತಿಯನ್ನು ಬರೆಸಿ, ಕಾಳಿದಾಸ ಭಾರವಿಯರ ಕೀರ್ತಿಯೊಡನೆ ತನ್ನ ಕೀರ್ತಿಯನ್ನು ಹೋಲಿಸಿಕೊಂಡ. ಈ ಹೋಲಿಕೆಯನ್ನು ಆತ್ಮಪ್ರಶಂಸೆಯೆಂದು ನಕ್ಕು ಬಿಡಬಹುದಾಗಿತ್ತು. ಆದರೆ ಪಕ್ಕದಲ್ಲಿಯೇ ಶಕ 556 ಎಂಬ ಕಾಲವಿದೆ. ಹೀಗಾಗಿ ಕ್ರಿ.ಶ. 634ರ ಹೊತ್ತಿಗೆ ಆ ಇಬ್ಬರು ಕವಿಗಳು ಕರ್ನಾಟಕದಲ್ಲಿ ಪ್ರಸಿದ್ಧರಾಗಿದ್ದರೆಂಬುದು ಸಂಸ್ಕೃತ ಸಾಹಿತ್ಯಚರಿತ್ರೆಗೆ ಒಂದು ಗಟ್ಟಿಯಾದ ಗೂಟವಾಯಿತು. ಆ ಕಲ್ಲನ್ನು ಯಾರಾದರೂ ಅಂದವಾದ ಅಕ್ಷರಗಳಿರುವ ಭಾಗವನ್ನಷ್ಟೇ ಕತ್ತರಿಸಿ ಒಯ್ದಿದ್ದರೆ, ಕಾಲವನ್ನು ಹೇಳುವ ಸಾಲು ಚೂರಾಗಿ ಬಿದ್ದಿದ್ದರೆ ನಮಗೆ ಏನು ಉಳಿಯುತ್ತಿತ್ತು? ಅದು ಇಂದಿಗೂ ಗೋಡೆಯಲ್ಲಿಯೇ ಇದೆಯೆಂಬುದು ನಮ್ಮ ಪುಣ್ಯ.

ಅಂಚೆಯ ಠಸ್ಸೆ ಇಂಥದೇ ಒಂದು ಚಿಕ್ಕ ಶಾಸನ. ಊರಿನ ಹೆಸರು, ದಿನ, ತಿಂಗಳು, ವರ್ಷ, ಕೆಲವೊಮ್ಮೆ ಹೊತ್ತು ಸಹ ಅದರಲ್ಲಿರುತ್ತದೆ. ಲಕೋಟೆಯ ಹಿಂಬದಿಯಲ್ಲಿ ಮುಟ್ಟಿದ ಊರಿನ ಠಸ್ಸೆಯೂ ಇದ್ದರೆ ಕಾಗದವು ದಾರಿಯಲ್ಲಿ ಕಳೆದ ದಿನಗಳೂ ತಿಳಿಯುತ್ತವೆ. ಇದನ್ನು ಬರೆದವನಿಗೆ ಯಾರನ್ನೂ ಹೊಗಳುವ ಇಚ್ಛೆಯಿರಲಿಲ್ಲ, ಸುಳ್ಳು ಹೇಳುವ ಕಾರಣವೂ ಇರಲಿಲ್ಲ. ಹಳೆಯ ಠಸ್ಸೆಗಳಲ್ಲಿ ಲಿಪಿಶಾಸ್ತ್ರದ ಕುತೂಹಲವೂ ಇದೆ: ಅಖಿಲ ಭಾರತದ ಚೀಟಿಗಳು ಬಂದ 1854ರ ಅನಂತರದ ಮೊದಲ ವರ್ಷಗಳಲ್ಲಿ, ಚೀಟಿಯನ್ನು ರದ್ದುಮಾಡುವ ಮುದ್ರೆಯಲ್ಲಿ ಊರಿನ ಹೆಸರಿನ ಬದಲು ಗೆರೆಗಳ ವಜ್ರಾಕೃತಿಯ ನಡುವೆ ಒಂದು ಸಂಖ್ಯೆ ಮಾತ್ರ ಇರುತ್ತಿತ್ತು. ಯಾವ ಸಂಖ್ಯೆ ಯಾವ ಕಚೇರಿಯದೆಂಬುದನ್ನು ಆಸಕ್ತರು ಲಕೋಟೆಗಳನ್ನು ಹೋಲಿಸಿ ಹೋಲಿಸಿ ಬಿಡಿಸಿದರು. ಲಕೋಟೆಯೇ ಇಲ್ಲದಿದ್ದರೆ ಆ ಕೆಲಸ ಸಾಧ್ಯವೇ ಇರಲಿಲ್ಲ.

ನಮ್ಮ ಬಾಗಲಕೋಟೆ ಸೀಮೆಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಇಷ್ಟು ಚಿಕ್ಕ ನಾಡಿನಲ್ಲಿ ಇಷ್ಟೊಂದು ಆಡಳಿತಗಳ ಗಡಿಗಳು ಕೂಡಿದ್ದು ಅಪರೂಪ. ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳು ಮುಂಬಯಿ ಇಲಾಖೆಯಲ್ಲಿದ್ದವು. 1864ರಲ್ಲಿ ರಚನೆಯಾದ ಜಿಲ್ಲೆಗೆ ಮೊದಲು ಕಲಾದಗಿಯೇ ಮುಖ್ಯ ಸ್ಥಳ. 1885ರ ಸುಮಾರಿಗೆ ಅದು ವಿಜಾಪುರಕ್ಕೆ ಹೋಯಿತು. ಇಂದು ಹಣ್ಣುಗಳಿಗಾಗಿ ಹೆಸರಾದ ಕಲಾದಗಿಯ ಅಂದಿನ ಠಸ್ಸೆಯುಳ್ಳ ಲಕೋಟೆ ಸಿಕ್ಕರೆ ಅದು ಒಂದು ಜಿಲ್ಲಾ ಕೇಂದ್ರದ ಕಾಗದ. ಪಶ್ಚಿಮಕ್ಕೆ ಜಮಖಂಡಿಯ ಪಟವರ್ಧನರ, ಮುಧೋಳದ ಘೋರ್ಪಡೆಯವರ ಸಂಸ್ಥಾನಗಳಿದ್ದವು. ಅವು ಟಪಾಲಿನ ಚೀಟಿಗಳನ್ನು ಹೊರಡಿಸಲಿಲ್ಲ. ಆದರೆ ಕೋರ್ಟು ಫೀ ಮುದ್ರೆಗಳನ್ನು ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿದವು. ಹಳೆಯ ದಾವೆಯ ಕಾಗದಗಳಲ್ಲಿ ಅವು ಇಂದಿಗೂ ಸಿಗುತ್ತವೆ. ಇವನ್ನೂ ಕಿತ್ತು ಮಾರುವವರಿದ್ದಾರೆ. ಪೂರ್ವಕ್ಕೆ ಇಳಕಲ್ಲಿನಿಂದ ಕೆಲವೇ ಹರಿದಾರಿ ನಡೆದರೆ ನಿಜಾಮನ ಸೀಮೆ. ಹೈದರಾಬಾದ ಸಂಸ್ಥಾನ 1869ರಿಂದ ತನ್ನದೇ ಅಂಚೆಚೀಟಿಗಳನ್ನು ಹೊರಡಿಸುತ್ತಿತ್ತು. ಅವು ಆ ಸಂಸ್ಥಾನದ ಒಳಗೆ ಮಾತ್ರ ನಡೆಯುತ್ತಿದ್ದವು. ಇಳಕಲ್ಲಿನ ಸೀರೆಯನ್ನು ಕುಷ್ಟಗಿಯ ಹೆಂಗಸರು ಉಡುತ್ತಿದ್ದರು, ಎರಡೂ ಕಡೆ ಒಂದೇ ಕನ್ನಡ, ಒಂದೇ ಬಳಗ. ಕಾಗದ ಮಾತ್ರ ಎರಡು ಸರಕಾರಗಳ ಟಪಾಲಿನ ನಡುವೆ ಹಾಯಬೇಕಾಗಿತ್ತು. ಕನ್ನಡ ನಾಡು ಹರಿದು ಹಂಚಿಹೋಗಿತ್ತು ಎಂದು ಏಕೀಕರಣದ ಚರಿತ್ರೆಯಲ್ಲಿ ನಾವು ಓದುತ್ತೇವೆ. ಒಂದು ವ್ಯಾಪಾರಿ ಕುಟುಂಬಕ್ಕೆ ಆ ಹರಿದುಹೋದದ್ದು ದಿನನಿತ್ಯ ಹೇಗೆ ಕಾಣುತ್ತಿತ್ತೆಂಬುದಕ್ಕೆ ಈ ಲಕೋಟೆಗಳೇ ಸಾಕ್ಷಿ. 1948ರಲ್ಲಿ ಸಂಸ್ಥಾನಗಳು ವಿಲೀನವಾದದ್ದು, 1956ರ ನವೆಂಬರ್ 1ರಂದು ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು, 1973ರಲ್ಲಿ ಆ ರಾಜ್ಯ ಕರ್ನಾಟಕವಾದದ್ದು, 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು — ಇವೆಲ್ಲವೂ ಒಂದೇ ಮನೆಗೆ ಬಂದ ಕಾಗದಗಳ ವಿಳಾಸದಲ್ಲಿ ಒಂದರ ಕೆಳಗೊಂದು ಓದಲು ಸಿಗುತ್ತವೆ.

ಮಾತಿನ ಚರಿತ್ರೆಯೂ ಇದರಲ್ಲಿದೆ. ಮೈಸೂರು ಸೀಮೆಯವರು ಅಂಚೆ ಎಂದರು. ಚಿಕ್ಕದೇವರಾಜ ಒಡೆಯರ ಕಾಲದಿಂದ ಬೆಳೆದು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ಸೇರಿದ ಮೈಸೂರು ಅಂಚೆ ಆ ಪದವನ್ನು ನೆಲೆಗೊಳಿಸಿತು. ಹಂಸದ ತದ್ಭವ ಹಳಗನ್ನಡದಲ್ಲಿ ಅಂಚೆ. ಸಂದೇಶವನ್ನು ಒಯ್ಯುವ ಹಂಸೆಯ ಕಾವ್ಯಸ್ಮೃತಿಯಿಂದಲೇ ಈ ಹೆಸರು ಬಂತೆಂದು ಹೇಳುವವರಿದ್ದಾರೆ. ನಮ್ಮ ಕಡೆ ಮುಂಬಯಿ ಇಲಾಖೆಯ ಮರಾಠಿಯಿಂದ ಬಂದದ್ದು ಟಪಾಲು. ಇಂದು ಸರಕಾರಿ ಫಲಕ ಅಂಚೆ ಎನ್ನುತ್ತದೆ, ಹುನಗುಂದದ ಅಜ್ಜ ಟಪಾಲು ಎನ್ನುತ್ತಾನೆ. ಯಾವ ದಶಕದಲ್ಲಿ ಯಾವ ಪದ ಎಲ್ಲಿಯವರೆಗೆ ನಡೆಯಿತೆಂಬುದನ್ನು ನಿಘಂಟು ಹೇಳುವುದಿಲ್ಲ. ತಾರೀಖು ಇರುವ ಖಾಸಗಿ ಪತ್ರಗಳು ಹೇಳುತ್ತವೆ.

ಇನ್ನೊಂದು ಸಂಗತಿಯನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಬಹುಭಾಗವೂ ಕೃಷ್ಣೆ ಘಟಪ್ರಭೆಯರ ದಡದ ಹಲವು ಹಳ್ಳಿಗಳೂ ಮುಳುಗಿದವು. ಕೃಷ್ಣಾ ಮಲಪ್ರಭೆಗಳ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆ ಕಟ್ಟಿ ಅದನ್ನು ಉಳಿಸಿಕೊಂಡೆವು. ಎಲ್ಲ ಊರುಗಳಿಗೂ ಹಾಗೆ ಗೋಡೆ ಕಟ್ಟಲಾಗಲಿಲ್ಲ. ನವನಗರವೂ ಪುನರ್ವಸತಿ ಗ್ರಾಮಗಳೂ ಎದ್ದವು. ಅಣೆಕಟ್ಟಿನ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಪೂರ್ಣವಾದರೆ ಇನ್ನಷ್ಟು ಊರುಗಳು ಎದ್ದು ಹೋಗಬೇಕು. ಊರು ಏಳುವಾಗ ಜನ ಬಾಗಿಲು, ತೊಲೆ, ಕಲ್ಲುಗಳನ್ನು ಬಿಚ್ಚಿಕೊಂಡು ಹೋಗುತ್ತಾರೆ, ದೇವರನ್ನು ಹೊತ್ತುಕೊಂಡು ಹೋಗುತ್ತಾರೆ. ಅಟ್ಟದ ಮೇಲಿನ ಕಾಗದದ ಕಟ್ಟು ಒಲೆಗೆ ಹೋಗುತ್ತದೆ. ನೀರಿನ ಕೆಳಗಿರುವ ಊರಿನ ಹೆಸರು, ಅಲ್ಲೊಂದು ಟಪಾಲು ಕಚೇರಿ ಇತ್ತೆಂಬ ಸಂಗತಿ, ಅಲ್ಲಿಂದ ಹೊರಟ ಕಾಗದದ ದಿನ ಇವು ಒಂದು ರೂಪಾಯಿಯಗಲದ ಮಸಿಯ ವೃತ್ತದಲ್ಲಿ ಉಳಿದಿರುತ್ತವೆ. ಅದೇ ವೃತ್ತವನ್ನು ನಮ್ಮ ಹುಡುಗರು ಚೀಟಿಯ ಅಂದ ಕೆಡಿಸಿದ ಕಲೆಯೆಂದು ತಿಳಿಯುತ್ತಾರೆ.

ಸಾಹಿತ್ಯದ ವಿದ್ಯಾರ್ಥಿಗಳು ಕೇಳಬಹುದು: ಇದರಿಂದ ನಮಗೇನು? ಆಧುನಿಕ ಕನ್ನಡ ಸಾಹಿತ್ಯದ ಓದುಗವರ್ಗವನ್ನು ಕಟ್ಟಿದ್ದರಲ್ಲಿ ಅಂಚೆಯ ಪಾಲು ದೊಡ್ಡದು. 1877ರಲ್ಲಿ ಬಂದ ವಿ.ಪಿ. ಪದ್ಧತಿಯಿಂದ ಪುಸ್ತಕದಂಗಡಿಯೇ ಇಲ್ಲದ ಹಳ್ಳಿಗೂ ಪುಸ್ತಕ ಬರುವಂತಾಯಿತು. ಹಣವನ್ನು ಅಂಚೆಯವನ ಕೈಗೆ ಕೊಟ್ಟು ಪೊಟ್ಟಣವನ್ನು ಬಿಡಿಸಿಕೊಂಡರಾಯಿತು. 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ಬೆಳೆಯಿತು. ವಿಜಾಪುರದಿಂದ ಫ.ಗು. ಹಳಕಟ್ಟಿಯವರು 1926ರಲ್ಲಿ ಆರಂಭಿಸಿದ 'ಶಿವಾನುಭವ' ಪತ್ರಿಕೆ ವಚನಗಳನ್ನು ಊರೂರಿಗೆ ಮುಟ್ಟಿಸಿತು. ಇಂಥ ಪ್ರಕಟಣೆಗಳು ಯಾವ ಯಾವ ಊರಿಗೆ ಹೋದವು, ಯಾರು ತರಿಸಿಕೊಂಡರು ಎಂಬುದನ್ನು ನಾವು ಬಹುಮಟ್ಟಿಗೆ ಊಹಿಸುತ್ತೇವೆ. ಪತ್ರಿಕೆಗೆ ಸುತ್ತಿದ ಕಾಗದದ ಪಟ್ಟಿ, ವಿ.ಪಿ. ರಸೀದಿ, ಲೇಖಕರ ಕಾರ್ಡುಗಳು ಸಿಕ್ಕರೆ ಊಹೆ ನಿಲ್ಲುತ್ತದೆ. ಇಳಕಲ್ಲಿನ ಸೀರೆ ಅಂಗಡಿಯ ಟ್ರಂಕಿನಲ್ಲಿಯೂ ಲೆಕ್ಕಪತ್ರಗಳ ನಡುವೆ ಎರಡು ವಿ.ಪಿ. ರಸೀದಿಗಳಿದ್ದವು. ಮಗ್ಗದ ಲೆಕ್ಕ ಬರೆಯುತ್ತಿದ್ದ ಆ ಮನೆಯಲ್ಲಿ ಪುಸ್ತಕ ತರಿಸಿ ಓದುವವರೂ ಇದ್ದರು ಎಂದಾಯಿತು. ಯಾವ ಪುಸ್ತಕವೆಂಬುದು ಕಿಂಡಿ ಬಿದ್ದ ಲಕೋಟೆಗಳೊಡನೆ ಹೋಯಿತು.

ಚೀಟಿಯ ಚಿತ್ರವೂ ಓದಬೇಕಾದದ್ದೇ. 1949ರ ಪುರಾತತ್ತ್ವ ಮಾಲಿಕೆಯಲ್ಲಿ ಆರಾಣೆಯ ಚೀಟಿಗೆ ವಿಜಾಪುರದ ಗೋಳಗುಮ್ಮಟ ಚಿತ್ರವಾಯಿತು; ಎಲ್ಲಕ್ಕಿಂತ ಹೆಚ್ಚು ಬೆಲೆಯ ಹದಿನೈದು ರೂಪಾಯಿಯ ಚೀಟಿಗೆ ಪಾಲಿತಾಣದ ಶತ್ರುಂಜಯದ ಜಿನಾಲಯ. ಹೊಸ ರಾಷ್ಟ್ರ ತನ್ನ ಪರಂಪರೆ ಯಾವುದೆಂದು ಹೇಳಿಕೊಂಡ ರೀತಿ ಅದು. ಮುಂದೆ 1967ರಲ್ಲಿ ಬಸವೇಶ್ವರರ, 1974ರಲ್ಲಿ ಮಹಾವೀರ ನಿರ್ವಾಣದ 2500ನೆಯ ವರ್ಷಕ್ಕೆ ಪಾವಾಪುರಿಯ ಜಲಮಂದಿರದ, 1981ರಲ್ಲಿ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕಕ್ಕೆ ಗೊಮ್ಮಟೇಶ್ವರನ ಚೀಟಿಗಳು ಬಂದವು. ಇವುಗಳಲ್ಲಿ ಯಾವುದೂ ಹರಾಜಿನ ಕಟ್ಟೆಯನ್ನು ನಡುಗಿಸುವಂಥದಲ್ಲ. ಆದರೆ 1981ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದಿಂದ ಯಾತ್ರಿಕನೊಬ್ಬ ಬಾಗಲಕೋಟೆಯ ತನ್ನ ಮನೆಗೆ ಬರೆದ ಕಾಗದದ ಮೇಲೆ ಆ ಒಂದು ರೂಪಾಯಿಯ ಚೀಟಿಯೂ ಅಲ್ಲಿಯ ಠಸ್ಸೆಯೂ ಇದ್ದರೆ, ಆ ಲಕೋಟೆ ಯಾವ ವರದಿಯೂ ಹೇಳದ್ದನ್ನು ಹೇಳುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಬೆಲೆಯ ಆಸೆಯಿಲ್ಲದಿದ್ದರೆ ಈ ಕಾಗದಗಳು ಉಳಿಯುತ್ತಿದ್ದವೇ? ಉಳಿಯುತ್ತಿರಲಿಲ್ಲವೆಂಬುದು ಬಹುಮಟ್ಟಿಗೆ ನಿಜ. ವಿಶ್ವವಿದ್ಯಾಲಯಗಳು ನಿದ್ರಿಸುತ್ತಿದ್ದಾಗ ಹಳೆಯ ಠಸ್ಸೆಗಳ ಪಟ್ಟಿಗಳನ್ನು ಮಾಡಿದವರು ಹವ್ಯಾಸಿ ಸಂಗ್ರಾಹಕರೇ. ಅವರಲ್ಲಿ ಬಲ್ಲವರು ಇಂದು ಚೀಟಿಯನ್ನು ಕೀಳುವುದಿಲ್ಲ. ಲಕೋಟೆಯ ಮೇಲಿರುವ ಅಪರೂಪದ ಚೀಟಿಗೆ ಬಿಡಿ ಚೀಟಿಗಿಂತ ಹೆಚ್ಚು ಬೆಲೆ ಬರುವುದೂ ಉಂಟು. ಸಂಗ್ರಾಹಕರನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಮಾರುಕಟ್ಟೆ ಉಳಿಸುವುದು ಅಪರೂಪವಾದದ್ದನ್ನು ಮಾತ್ರ. ಬೆಲೆಯಿಲ್ಲವೆಂದು ತಿಳಿದ ದಿನವೇ ಇಳಕಲ್ಲಿನ ಟ್ರಂಕು ಗುಜರಿಗೆ ಹೋಗುತ್ತದೆ. ಚರಿತ್ರೆಗೆ ಬೇಕಾದದ್ದು ಸಾಮಾನ್ಯರ ಸಾಮಾನ್ಯ ಕಾಗದ.

ನಮ್ಮ ಪರಂಪರೆ ಅಪರೂಪತೆಯನ್ನು ಕಂಡ ಬಗೆಯೇ ಬೇರೆ. ಇದೇ ಜಿಲ್ಲೆಯ ಮುಧೋಳದಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನಿಗೆ ಆಶ್ರಯ ಕೊಟ್ಟವಳು ಅತ್ತಿಮಬ್ಬೆ. ಪೊನ್ನನ 'ಶಾಂತಿಪುರಾಣ'ದ ಪ್ರತಿಗಳು ವಿರಳವಾದಾಗ ಆ ಸಾಧ್ವಿ ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಉಳಿದಿದ್ದ ಪ್ರತಿಯನ್ನು ಕೊಂಡು ಪೆಟ್ಟಿಗೆಯಲ್ಲಿಟ್ಟಿದ್ದರೆ ಆಕೆಯ ಬಳಿ ಅತ್ಯಮೂಲ್ಯ ವಸ್ತುವೊಂದು ಇರುತ್ತಿತ್ತು, ಕಾವ್ಯ ಮಾತ್ರ ಲೋಕದಿಂದ ಹೋಗುತ್ತಿತ್ತು. ವಿರಳವಾದದ್ದನ್ನು ಹೇರಳ ಮಾಡುವುದೇ ಶಾಸ್ತ್ರದಾನ. ಸಂಗ್ರಹ ಮತ್ತು ಪರಿಗ್ರಹ ಎಂಬ ಎರಡು ಪದಗಳು ಕಿವಿಗೆ ಸಮೀಪದವು. ಇತರರ ಓದಿಗೆ ಒದಗುವಂತೆ ಕೂಡಿಸುವುದು ಸಂಗ್ರಹ. ಇತರರಿಗೆ ಇಲ್ಲದಿರಲಿ ಎಂಬುದೇ ಬೆಲೆಯಾಗುವಂತೆ ಹಿಡಿದಿಡುವುದು ಪರಿಗ್ರಹ.

ಆದ್ದರಿಂದ ನಾನು ಸೂಚಿಸುವ ಕೆಲಸಗಳು ದೊಡ್ಡವಲ್ಲ. ಲಕೋಟೆಯಿಂದ ಚೀಟಿಯನ್ನು ಕತ್ತರಿಸುವುದನ್ನೂ ನೀರಿನಲ್ಲಿ ನೆನೆಸಿ ಬಿಡಿಸುವುದನ್ನೂ ಮಕ್ಕಳಿಗೆ ಕಲಿಸದಿರೋಣ. ಇಡೀ ಲಕೋಟೆಯನ್ನೇ ಸಂಗ್ರಹಿಸಲು ಕಲಿಸೋಣ. ಕಟ್ಟನ್ನು ಬಿಚ್ಚುವ ಮೊದಲು ಅದು ಕಟ್ಟಿದ್ದ ಕ್ರಮವನ್ನು ಬರೆದಿಡೋಣ. ಎರಡೂ ಬದಿಗಳ ಚಿತ್ರ ತೆಗೆದು, ಠಸ್ಸೆಯ ಊರು, ದಿನ, ಚೀಟಿಯ ಬೆಲೆ, ಬರೆದವರು, ಪಡೆದವರು ಎಂಬ ಐದು ಅಂಶಗಳ ಪಟ್ಟಿ ಮಾಡಿದರೆ ಮೂಲಪತ್ರ ಮನೆಯವರಲ್ಲಿಯೇ ಉಳಿದರೂ ಅಭ್ಯಾಸಕ್ಕೆ ಒದಗುತ್ತದೆ. ಖಾಸಗಿ ಸಂಗತಿಗಳಿರುವ ಒಕ್ಕಣೆಯನ್ನು ಮನೆಯವರ ಒಪ್ಪಿಗೆಯಿಲ್ಲದೆ ಪ್ರಕಟಿಸಬಾರದು. 1972ರ ಪುರಾವಸ್ತು ಕಾಯಿದೆಯು ಚಾರಿತ್ರಿಕ ಅಥವಾ ಸಾಹಿತ್ಯಕ ಮೌಲ್ಯವುಳ್ಳ, 75 ವರ್ಷಕ್ಕೆ ಕಡಿಮೆಯಿಲ್ಲದ ಹಸ್ತಪ್ರತಿ, ದಾಖಲೆಗಳನ್ನು ಪುರಾವಸ್ತುವಿನ ವ್ಯಾಖ್ಯೆಯಲ್ಲಿ ಸೇರಿಸಿದೆ. ಅಂಥವನ್ನು ಖಾಸಗಿಯವರು ಹೊರದೇಶಕ್ಕೆ ಮಾರಿ ಕಳಿಸುವಂತಿಲ್ಲವೆಂಬುದೂ ತಿಳಿದಿರಬೇಕು. ಜಮಖಂಡಿಯಲ್ಲಿ ಈಚೆಗೆ ಆರಂಭವಾಗಿರುವ ಬಾಗಲಕೋಟೆ ವಿಶ್ವವಿದ್ಯಾಲಯದ ಕನ್ನಡ ಮತ್ತು ಇತಿಹಾಸ ವಿದ್ಯಾರ್ಥಿಗಳು ಒಬ್ಬೊಬ್ಬರು ತಮ್ಮ ಊರಿನ ಒಂದೊಂದು ಮನೆಯ ಕಟ್ಟನ್ನು ಹೀಗೆ ಪಟ್ಟಿಮಾಡಿದರೆ, ಮುಳುಗಿದ ಹಾಗೂ ಮುಳುಗಲಿರುವ ಊರುಗಳ ಅಂಚೆಯ ನಕ್ಷೆಯೊಂದು ಕೆಲವೇ ವರ್ಷಗಳಲ್ಲಿ ಸಿದ್ಧವಾದೀತು. ಪುನರ್ವಸತಿಯ ಸಮೀಕ್ಷೆ ಮಾಡುವವರು ಗಿಡ, ಬಾವಿ, ತೊಲೆಗಳನ್ನು ಎಣಿಸುವಂತೆಯೇ ಮನೆಯ ಕಾಗದಗಳನ್ನೂ ವಿಚಾರಿಸಬೇಕೆಂಬುದು ನನ್ನ ಒತ್ತಾಯ.

ಇಳಕಲ್ಲಿನ ಮನೆಯ ಮಾತನ್ನು ಮುಗಿಸುತ್ತೇನೆ. ಸಂಜೆ ಆ ಮೊಮ್ಮಗ, ಈಗ ಕಾಲೇಜಿನ ಹುಡುಗ, ತನ್ನ ಹಳೆಯ ಚೀಟಿಗಳ ಪುಸ್ತಕವನ್ನು ತಂದು ತೋರಿಸಿದ. ಮೊದಲ ಪುಟಗಳಲ್ಲಿದ್ದವನ್ನು ನೀರಿನಲ್ಲಿ ಬಿಡಿಸಿದ್ದ, ಅವು ಶುಭ್ರವಾಗಿದ್ದವು. ಕೊನೆಯ ಪುಟಗಳಲ್ಲಿದ್ದವನ್ನು ಬೇಸರದಿಂದಲೋ ಏನೋ ಕತ್ತರಿಸಿದಂತೆಯೇ, ಹಿಂದಿನ ಕಾಗದದ ಸಹಿತ ಅಂಟಿಸಿದ್ದ. ಒಂದನ್ನು ಎತ್ತಿ ಲಕೋಟೆಯ ಕಿಂಡಿಗೆ ಹಿಡಿದು ನೋಡಿದೆವು. ಹೊಂದಲಿಲ್ಲ. ಇನ್ನೊಂದನ್ನು ಹಿಡಿದೆವು. ಒಡೆದ ತಾಮ್ರಶಾಸನದ ಅಂಚುಗಳನ್ನು ಕೂಡಿಸುವಂತೆ ನಾವು ಮೂವರೂ ದೀಪ ಹಚ್ಚುವ ಹೊತ್ತಿನವರೆಗೆ ಕುಳಿತೆವು. ಹನ್ನೊಂದು ಲಕೋಟೆಗಳು ಪೂರ್ಣವಾದವು. ಅವುಗಳಲ್ಲಿ ಒಂದರ ಠಸ್ಸೆ ಹಿನ್ನೀರಿನಲ್ಲಿ ಹೋದ ಹಳ್ಳಿಯದು, ಹಿರಿಯರ ತಾಯಿಯ ತವರೂರಿನದು. ಅವರು ಕನ್ನಡಕವನ್ನು ಸರಿಪಡಿಸಿಕೊಂಡು ಆ ವೃತ್ತದೊಳಗಿನ ಹೆಸರನ್ನು ಓದಿದರು. ಅನಂತರ ಬೆಲೆಯ ಮಾತನ್ನು ತೆಗೆಯಲಿಲ್ಲ. ಲಕೋಟೆಯನ್ನು ಎರಡು ಕೈಗಳಲ್ಲಿ ಹಿಡಿದು, "ಇದನ್ನ ಹೊರಗ ಇಡ್ರಿ, ಕಟ್ಟಿನ್ಯಾಗ ಬ್ಯಾಡ" ಎಂದರು.